ಮತ್ತೆ ಮತ್ತೆ ಮಲವಿಸರ್ಜನೆಯ ಒತ್ತಡ: ಕಾರಣಗಳೇನು?

ಶೌಚಾಲಯಕ್ಕೆ ಹೋಗಿ ಬಂದ ಕೂಡಲೇ ಮತ್ತೆ ಹೋಗಬೇಕೆನಿಸುವುದು, ಹೋಗಿ ಕುಳಿತರೆ ಏನೂ ಬಾರದಿರುವುದು ಅಥವಾ ತುಸು ಲೋಳೆ ಮಾತ್ರ ಬೀಳುವುದು - ಈ ತೊಂದರೆಯನ್ನು ವೈದ್ಯರು 'ಟೆನೆಸ್ಮಸ್' ಎನ್ನುತ್ತಾರೆ. ಇದು ಸ್ವತಃ ರೋಗವಲ್ಲ, ರೋಗದ ಲಕ್ಷಣ. ನಾಚಿಕೆಯಿಂದ ಅನೇಕರು ಇದನ್ನು ತಿಂಗಳುಗಟ್ಟಲೆ ಮುಚ್ಚಿಡುವುದರಿಂದ, ಇದರ ಕಾರಣಗಳನ್ನು ಸಂಕ್ಷಿಪ್ತವಾಗಿ ಇಲ್ಲಿ ನೀಡುತ್ತಿದ್ದೇವೆ.

ಗುದನಾಳದಲ್ಲಿ ಮಲ ತುಂಬಿದಾಗ ಅದರ ಗೋಡೆ ಹಿಗ್ಗಿ, ನರಗಳು ಮೆದುಳಿಗೆ ಸೂಚನೆ ಕಳುಹಿಸುತ್ತವೆ. ಗೋಡೆಯಲ್ಲಿ ಉರಿಯೂತ ಅಥವಾ ಒಳಗೆ ಗಡ್ಡೆ ಇದ್ದರೆ, ಮಲವಿಲ್ಲದಿದ್ದರೂ ಅದೇ ಸೂಚನೆ ಹೋಗುತ್ತದೆ.

ಮುಖ್ಯ ಕಾರಣಗಳು:

1. ಆಮಶಂಕೆ: ಶಿಗೆಲ್ಲ ಬ್ಯಾಕ್ಟೀರಿಯಾ ಅಥವಾ ಅಮೀಬಾದಿಂದ ಬರುತ್ತದೆ. ಹೊಟ್ಟೆ ಮುರಿತ, ರಕ್ತ, ಲೋಳೆ ಇರುತ್ತವೆ. ಕೆಲವೊಮ್ಮೆ ಜ್ವರವೂ ಬರುತ್ತದೆ.

2. ಮಲಬದ್ಧತೆ: ಹಾಸಿಗೆ ಹಿಡಿದ ವೃದ್ಧರಲ್ಲಿ ಮಲ ಗಟ್ಟಿಯಾಗಿ ಸಿಕ್ಕಿಕೊಂಡು, ಅದರ ಬದಿಯಿಂದ ನೀರಿನಂಥ ಮಲ ಸೋರುವುದುಂಟು. ಮನೆಯವರು ಇದನ್ನು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ರೋಗಿಗಳ ಭೇಟಿಗೆ ಹೋಗುವ ನಮ್ಮ ಕಾರ್ಯಕರ್ತರು ಇದನ್ನು ನೆನಪಿಡಬೇಕು.

3. ಕರುಳಿನ ದೀರ್ಘಕಾಲದ ಉರಿಯೂತ: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ.

4. ಗುದದ್ವಾರದ ತೊಂದರೆಗಳು: ಮೂಲವ್ಯಾಧಿ, ಬಿರುಕು, ಕೀವುಗಡ್ಡೆ.

5. ವಿಕಿರಣ ಚಿಕಿತ್ಸೆ: ಗರ್ಭಕೊರಳು ಅಥವಾ ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಪಡೆದವರಲ್ಲಿ ತಿಂಗಳುಗಳ, ವರ್ಷಗಳ ನಂತರವೂ ಕಾಣಿಸಬಹುದು.

6. ಗುದನಾಳದ ಕ್ಯಾನ್ಸರ್.

ಕೊನೆಯ ಕಾರಣ ಓದಿ ಯಾರೂ ಗಾಬರಿಪಡಬೇಕಾಗಿಲ್ಲ. ಆದರೆ ರಕ್ತ ಕಂಡರೆ 'ಮೂಲವ್ಯಾಧಿಯೇ ಇರಬೇಕು' ಎಂದು ತಾವೇ ನಿರ್ಧರಿಸಿ, ಅವರಿವರು ಹೇಳಿದ ಮದ್ದು ಮಾಡುತ್ತಾ ಕುಳಿತುಕೊಳ್ಳುವುದು ಅಪಾಯಕಾರಿ. ಮೂಲವ್ಯಾಧಿ ಇದ್ದವರಿಗೂ ಕ್ಯಾನ್ಸರ್ ಬರಬಹುದು. ಬೇಗ ಪತ್ತೆಯಾದರೆ ಅದನ್ನು ಗುಣಪಡಿಸುವ ಸಾಧ್ಯತೆ ಹೆಚ್ಚು.

ವೈದ್ಯರು ಸಾಮಾನ್ಯವಾಗಿ ಬೆರಳಿನಿಂದ ಗುದನಾಳವನ್ನು ಪರೀಕ್ಷಿಸುತ್ತಾರೆ. ಇದು ಕೆಲವೇ ಕ್ಷಣಗಳ ಪರೀಕ್ಷೆ. ಅಗತ್ಯವಿದ್ದರೆ ಮಲ ಪರೀಕ್ಷೆ, ರಕ್ತ ಪರೀಕ್ಷೆ, ಕೊಲೊನೋಸ್ಕೋಪಿ ಮಾಡಿಸುತ್ತಾರೆ.

ಒತ್ತಡ ಬಂದಾಗಲೆಲ್ಲ ಬಹಳ ಹೊತ್ತು ಕುಳಿತು ಮುಕ್ಕಬಾರದು. ಭೇದಿಯಿದ್ದರೆ ಓ.ಆರ್.ಎಸ್., ಗಂಜಿನೀರು ಕುಡಿಯಬೇಕು. ರಕ್ತಭೇದಿ ಇರುವಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು.

ಮಲದಲ್ಲಿ ರಕ್ತ, ಜ್ವರ, ತೀವ್ರ ಹೊಟ್ಟೆನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ತೂಕ ಇಳಿಯುವುದು, ರಕ್ತಹೀನತೆ ಅಥವಾ ಕೆಲವು ವಾರಗಳಿಂದ ಮಲವಿಸರ್ಜನೆಯ ಕ್ರಮ ಬದಲಾಗಿರುವುದು ಕಂಡುಬಂದರೂ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಮನೆಯ ಹಿರಿಯರು ತಾವಾಗಿ ಹೇಳಲಿಕ್ಕಿಲ್ಲ. ಅವರು ಪದೇ ಪದೇ ಶೌಚಾಲಯಕ್ಕೆ ಹೋಗುತ್ತಿದ್ದರೆ ಮೆಲ್ಲನೆ ವಿಚಾರಿಸಿ, ಜೊತೆಗೆ ಕರೆದುಕೊಂಡು ಹೋಗಿರಿ ಎಂದು ಓದುಗರಲ್ಲಿ ವಿನಂತಿಸುತ್ತೇವೆ.