ಗುಜರಿ ಚೂರಿಗೆ ವಯಸ್ಸು ಕಟ್ಟುವ ವಿದ್ಯೆ

ಗುರುಮಠಕಲ್ ಸೀಮೆಯಲ್ಲಿ ಹಳೆ ಕಬ್ಬಿಣದ ರಾಶಿಯೊಳಗೆ ಬೇಟೆಯ ಚೂರಿಯೊಂದು ಸಿಕ್ಕರೆ ಮಾರುವವನು ಹೇಳುವ ಮಾತು ಒಂದೇ: ‘ನಿಜಾಮರ ಕಾಲದ್ದು’. ಅದನ್ನು ಸುಳ್ಳೆಂದು ತಳ್ಳುವುದೂ ಕಷ್ಟ. ನಿಜಾಮರ ಕಾಲವೆಂದರೆ 1724ರಿಂದ 1948ರವರೆಗೆ, ಇನ್ನೂರು ವರ್ಷಕ್ಕೂ ಮಿಕ್ಕಿದ ಅವಧಿ. ಅದರಲ್ಲಿ ಯಾವ ದಶಕ ಎಂದು ಕೇಳಿದಾಗಲೇ ವಿದ್ಯೆಯ ಕೆಲಸ ಶುರು.

ಈ ಭಾಗದ ನೆಲದಡಿಯ ಹಳೆಯ ವಸ್ತುಗಳನ್ನು ಮೊದಲಿಗೆ ಅಗೆದು ಬರೆದಿಟ್ಟವರಲ್ಲಿ ಸುರಪುರದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಪ್ರಮುಖ. ಜೇವರ್ಗಿಯ ಮತ್ತು ಸುರಪುರ ಸಂಸ್ಥಾನದ ಶಿಲಾಸಮಾಧಿಗಳ ಕುರಿತ ಅವನ ಲೇಖನಗಳು 1850ರ ದಶಕದಲ್ಲಿ ಬಂದವು. ಅವನ ಲಕ್ಷ್ಯವೆಲ್ಲ ಸಮಾಧಿಯ ಮೇಲಿತ್ತು, ಚೂರಿ ಅವನ ವಿಷಯವಲ್ಲ. ಅಷ್ಟರಲ್ಲಿ ಆಯುಧಗಳೇ ಜಗಳದ ವಸ್ತುವಾದವು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ತಿರುಗಿಬಿದ್ದರು, 1858ರಲ್ಲಿ ಬಂಡೆದ್ದ ಸುರಪುರವೂ ಬ್ರಿಟಿಷರಿಗೆ ಸೋತಿತು. ಹಿಂದುಸ್ತಾನದ ಆಯುಧಗಳಿಗೆ ಸಚಿತ್ರ ಕೈಪಿಡಿ ಬಂದದ್ದು 1880ರಲ್ಲಿ, ವಿಲ್‌ಬ್ರಹಾಮ್ ಎಗರ್ಟನ್ ಬರೆದದ್ದು. ಅದಕ್ಕೆ ಆಧಾರ ಲಂಡನ್ನಿನ ಸಂಗ್ರಹ. ಮುಂದೆ 1934ರಲ್ಲಿ ಜಾರ್ಜ್ ಕ್ಯಾಮರನ್ ಸ್ಟೋನ್ ಅವರ ಶಬ್ದಕೋಶ, 2004ರಲ್ಲಿ ರಾಬರ್ಟ್ ಎಲ್‌ಗುಡ್ ಅವರ ದಕ್ಷಿಣ ಭಾರತದ ಅಧ್ಯಯನ ಬಂದವು. ಇವು ದೊಡ್ಡ ಕೆಲಸಗಳೇ. ಆದರೆ ಅರಮನೆ, ದೇವಸ್ಥಾನ, ವಸ್ತುಸಂಗ್ರಹಾಲಯದ ಆಯುಧವನ್ನು ಓದುವಷ್ಟು ಸುಲಭವಾಗಿ ಹಳ್ಳಿ ಕಂಬಾರನ ಚೂರಿಯನ್ನು ಓದಲು ಅವು ಕಲಿಸುವುದಿಲ್ಲ. ಕೊಡಗಿನ ಪೀಚೆಕತ್ತಿಯನ್ನು ಆಕಾರದಿಂದಲೇ ಗುರುತಿಸಬಹುದು. ನಮ್ಮ ಕಡೆಯ ಚೂರಿಗೆ ಆ ಭಾಗ್ಯವಿಲ್ಲ.

ಇನ್ನೊಂದು ದಾರಿ ಉಕ್ಕಿನದು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಭಾರತದ ಉಕ್ಕಿನ ಪರೀಕ್ಷೆಯನ್ನು ಮಂಡಿಸಿದ. ನಿಜಾಮಾಬಾದ್ ಸೀಮೆಯ ಕೋನಸಮುದ್ರಂ ಮೂಸೆಗಳ ವಿವರ ಹೆನ್ರಿ ವಾಯ್ಸಿಯ ಬರಹದಿಂದ 1832ರಲ್ಲಿ ಅಚ್ಚಾಯಿತು. ಆ ಉಕ್ಕಿಗೆ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. 1998ರಲ್ಲಿ ಜಾನ್ ವರ್ಹೋವೆನ್ ಮತ್ತು ಸಂಗಡಿಗರು ಇಂಥ ಉಕ್ಕಿನ ಅಲಗಿನ ಮೇಲಿನ ಅಲೆಯಂಥ ನಕ್ಷೆಗೆ ಅದಿರಿನಲ್ಲಿರುವ ಅತ್ಯಲ್ಪ ವನೇಡಿಯಂನಂಥ ಲೋಹವೇ ಕಾರಣವೆಂದು ತೋರಿಸಿದರು. ಕೇಳಲು ಸೊಗಸಾಗಿದೆ. ಆದರೂ ಗುಜರಿಯಲ್ಲಿ ಸಿಗುವ ಬಹುತೇಕ ಚೂರಿಗಳಿಗೆ ಈ ಶಾಸ್ತ್ರ ದುಬಾರಿ ಗೊಡ್ಡು ಉಪಚಾರ. ನಕ್ಷೆಯಿದ್ದರೂ ಆಸಿಡ್ ಹಾಕದೆ ಅದು ಬಹುಮಟ್ಟಿಗೆ ಕಾಣುವುದಿಲ್ಲ.

ವರ್ಷ ಹೇಳುವುದರಲ್ಲಿ ನಿಜವಾಗಿ ಕೈಹಿಡಿಯುವುದು ಮುದ್ರೆ. ಬೇಟೆಯ ಹವ್ಯಾಸಿಗಳು ತಂದ ಶೆಫೀಲ್ಡ್ ಚೂರಿಗಳಲ್ಲಿ ಜೋಸೆಫ್ ರಾಜರ್ಸ್ ಕಂಪನಿಯದು ಬಲು ಹೆಸರುವಾಸಿ. ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಅದರ ಗುರುತು. ಕಿರೀಟದ ಅಕ್ಕಪಕ್ಕ ‘ವಿ ಆರ್’ ಇದ್ದರೆ ವಿಕ್ಟೋರಿಯಾ ಕಾಲದ್ದು (1837–1901). ‘ಜಿ ಆರ್’ ಎಂದಿದ್ದರೆ ಆತುರ ಬೇಡ, ಆ ಹೆಸರಿನ ರಾಜರು ಒಬ್ಬರಲ್ಲ. ಅಲಗಿನ ಮೇಲೆ ಜರ್ಮನಿ ಎಂದು ದೇಶದ ಹೆಸರಿದ್ದರೆ ಅದು ಬಹುಮಟ್ಟಿಗೆ 1887ರ ಬ್ರಿಟಿಷ್ ಸರಕು ಮುದ್ರೆ ಕಾಯ್ದೆಯ ನಂತರದ್ದು. ಇಂಗ್ಲೆಂಡ್ ಎಂದಿದ್ದರೆ 1890ರ ಅಮೆರಿಕನ್ ಸುಂಕ ಕಾನೂನಿನ ನಂತರದ್ದೆಂದು ಶಂಕಿಸಬಹುದು. ಹ್ಯಾರಿ ಬ್ರೇರ್ಲಿ ತುಕ್ಕುಹಿಡಿಯದ ಉಕ್ಕನ್ನು ಶೆಫೀಲ್ಡಿನಲ್ಲಿ ಮಾಡಿದ್ದು 1913ರಲ್ಲಿ, ಆದ್ದರಿಂದ ಸ್ಟೇನ್‌ಲೆಸ್ ಚೂರಿಯನ್ನು ‘ಮುತ್ತಜ್ಜನ ಕಾಲದ್ದು’ ಎಂದವನಿಗೆ ಮುತ್ತಜ್ಜನ ವಯಸ್ಸನ್ನು ಕೇಳಬೇಕು. ಇಲ್ಲಿ ನಿಯಮ ಕಟ್ಟುನಿಟ್ಟು: ಅತ್ಯಂತ ಹೊಸ ಭಾಗಕ್ಕೆ ಎಷ್ಟು ವಯಸ್ಸೋ ಇಡೀ ಚೂರಿಗೆ ಅಷ್ಟೇ. ಹಳೆ ಅಲಗಿಗೆ ಹೊಸ ಹಿಡಿ ಕೂರಿಸುವುದು ಕಂಬಾರನಿಗೆ ದಿನನಿತ್ಯದ ಕೆಲಸ.

ಉರ್ದು ಬರಹವಿರುವ ಚೂರಿಗಳಲ್ಲಿ ಮೋಸಹೋಗುವುದು ಇನ್ನೊಂದು ಬಗೆ. ಹೈದರಾಬಾದ್ ಸರ್ಕಾರ ಫಸಲಿ ವರ್ಷವನ್ನು ಬಳಸುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಆದರೆ ಅಂಕಿ ಹಿಜರಿಯದೂ ಆಗಿರಬಹುದು. ಫಸಲಿ 1300 ಎಂದರೆ 1890–91, ಹಿಜರಿ 1300 ಎಂದರೆ 1882–83. ಯಾವುದೆಂದು ತಿಳಿಯದಿದ್ದರೆ ಎಂಟು ವರ್ಷದ ಅಂತರ ಒಂದೇ ಅಂಕಿಯಲ್ಲಿ ಅಡಗಿರುತ್ತದೆ. ಬಾಗಿದ ಜಂಬಿಯಾ ಸಿಕ್ಕರೆ ಅರಬರ ಕೈಯದೆಂದು ಯೋಚಿಸಿ. ನಿಜಾಮರ ಸೇನೆಯಲ್ಲಿ ಅರಬ್ ಸಿಪಾಯಿಗಳಿದ್ದರು, 1858ರ ಸುರಪುರದಲ್ಲೂ ಇದ್ದರು.

ಮುದ್ರೆಯೂ ಇಲ್ಲ, ಬರಹವೂ ಇಲ್ಲ ಎಂದರೆ ಲೋಹದ ಮೂಲ ಹುಡುಕಬೇಕು. ಮುಂಬಯಿ–ಮದ್ರಾಸ್ ರೈಲು ಯಾದಗಿರಿ ಮೂಲಕ ಓಡತೊಡಗಿದ್ದು 1871ರಲ್ಲಿ. ಅಂದಿನಿಂದ ಹೊರಗಿನ ಉಕ್ಕು ಕುಲುಮೆಗೆ ಬರುವುದು ಸುಲಭವಾಯಿತು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿದ ಚೂರಿ ಇನ್ನೂ ಈಚಿನದು. ಹಿಡಿಯ ಬುಡದಲ್ಲಿ ಆ ಪಟ್ಟಿಯ ಬೋಲ್ಟ್ ತೂತೇ ಉಳಿದಿರುವುದುಂಟು. ಆಗ ಪಂಡಿತರನ್ನು ಕೇಳಬೇಕಿಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು ಮನೆಗೆಲಸ, ಬೇಸಾಯಕ್ಕೆ ಮಾಡಿದ್ದಲ್ಲದಿದ್ದರೆ ಆಯುಧ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಹಿಡಿ ಆನೆದಂತದ್ದೋ ಜಿಂಕೆಕೊಂಬಿನದೋ ಆದರೆ 1972ರ ವನ್ಯಜೀವಿ ಕಾಯ್ದೆಯನ್ನು ನೋಡಿಕೊಳ್ಳಬೇಕು. 100 ವರ್ಷ ದಾಟಿದ್ದು ಅದೇ 1972ರ ಪ್ರಾಚ್ಯವಸ್ತು ಕಾಯ್ದೆಯ ಲೆಕ್ಕಕ್ಕೆ ಸೇರಬಹುದು.

ಇಷ್ಟಾದ ಮೇಲೂ ಈ ವಿದ್ಯೆಯ ಕೊರತೆ ಪುಸ್ತಕಗಳದಲ್ಲ, ಊರಿನ ದಾಖಲೆಯದು. ಚೂರಿ ಕೊಂಡವರು ಮೊದಲು ಅದನ್ನು ಮರಳುಕಾಗದಕ್ಕೆ ಉಜ್ಜುತ್ತಾರೆ, ತುಕ್ಕಿನೊಂದಿಗೆ ಮುದ್ರೆಯೂ ಹೋಗುತ್ತದೆ. ಉಜ್ಜುವ ಮುನ್ನ ಎಣ್ಣೆಬಟ್ಟೆಯಲ್ಲಿ ಒರೆಸಿ ಫೋಟೋ ತೆಗೆಯಿರಿ. ಯಾವ ಊರಿನದು, ಯಾವ ಕುಲುಮೆಯ ಕೈಚಳಕ ಎಂದು ಮಾರುವವನನ್ನು ಕೇಳಿ, ಆ ದಿನವೇ ಚೀಟಿಯಲ್ಲಿ ಬರೆದು ಹಿಡಿಗೆ ಕಟ್ಟಿಡಿ.