ಬೆಚ್ಚನೆಯ ನೀರು ಕೊಲ್ಲಿಗೆ ನುಗ್ಗುವ ಬಗೆ: ಸ್ಪಿಟ್ಸ್‌ಬರ್ಗೆನ್ ಕರಾವಳಿಯ ಒಂದು ಅಧ್ಯಯನ

ಫ್ರಾಮ್ ಜಲಸಂಧಿಯ ಎರಡೂ ದಡಗಳು ಒಂದೇ ಅಕ್ಷಾಂಶದಲ್ಲಿವೆ. ಆದರೂ ಪಶ್ಚಿಮಕ್ಕಿರುವ ಗ್ರೀನ್‌ಲ್ಯಾಂಡಿನ ಕಡೆ ಬೇಸಿಗೆಯಲ್ಲೂ ಮಂಜುಗಡ್ಡೆ ತೇಲುತ್ತದೆ, ಪೂರ್ವಕ್ಕಿರುವ ಸ್ಪಿಟ್ಸ್‌ಬರ್ಗೆನ್ ಕಡೆ ಚಳಿಗಾಲದಲ್ಲೂ ಕಡಲು ಬಹುಮಟ್ಟಿಗೆ ತೆರೆದಿರುತ್ತದೆ. ಪೂರ್ವ ಗ್ರೀನ್‌ಲ್ಯಾಂಡ್ ಪ್ರವಾಹ ಧ್ರುವದ ತಣ್ಣೀರನ್ನು ದಕ್ಷಿಣಕ್ಕೆ ತರುತ್ತದೆ. ಪಶ್ಚಿಮ ಸ್ಪಿಟ್ಸ್‌ಬರ್ಗೆನ್ ಪ್ರವಾಹ ಅಟ್ಲಾಂಟಿಕ್‌ನ ಬೆಚ್ಚನೆಯ ನೀರನ್ನು ಉತ್ತರಕ್ಕೆ ಒಯ್ಯುತ್ತದೆ. ಪಠ್ಯಪುಸ್ತಕದ ಈ ವಿವರಣೆ ಸರಿಯೇ, ಆದರೆ ಕರಾವಳಿಯ ಮಟ್ಟಿಗೆ ಸಾಲದು. ಪ್ರವಾಹ ಪಕ್ಕದಲ್ಲೇ ಹರಿದರೂ ಅದರ ಶಾಖ ದಡ ಮುಟ್ಟುತ್ತದೆಯೇ ಎಂಬುದನ್ನು ಲವಣತೆ ಮತ್ತು ಗಾಳಿ ನಿರ್ಧರಿಸುತ್ತವೆ ಎಂಬುದು ಈ ಲೇಖನದ ವಾದ.

ಲವಣತೆಯ ಪಾತ್ರಕ್ಕೆ ಹಳೆಯ ಸಾಕ್ಷ್ಯವಿದೆ. 1893ರಿಂದ 1895ರವರೆಗೆ ‘ಫ್ರಾಮ್’ ಹಡಗಿನಲ್ಲಿ ಮಂಜುಗಡ್ಡೆಯೊಡನೆ ತೇಲಿದ ಧ್ರುವ ಅನ್ವೇಷಕ ನಾನ್ಸೆನ್, ಮೇಲಿನ ತಣ್ಣನೆಯ ಪದರದ ಕೆಳಗೆ ಬೆಚ್ಚನೆಯ ಅಟ್ಲಾಂಟಿಕ್ ನೀರು ಇರುವುದನ್ನು ಕಂಡರು. ಹೆಪ್ಪುಗಟ್ಟುವ ಹಂತದ ಸಮೀಪ ಉಷ್ಣತೆ ಬದಲಾದರೂ ನೀರಿನ ಸಾಂದ್ರತೆ ಅಷ್ಟಾಗಿ ಬದಲಾಗದು. ಉಪ್ಪು ಹೆಚ್ಚಿರುವ ನೀರು ಬೆಚ್ಚಗಿದ್ದರೂ ಕೆಳಗಿಳಿಯುತ್ತದೆ.

ಸ್ಪಿಟ್ಸ್‌ಬರ್ಗೆನ್‌ನ ಕಾಂಗ್ಸ್‌ಫ್ಯೋರ್ಡ್ ಕೊಲ್ಲಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಟ್ಲಾಂಟಿಕ್ ನೀರು ಖಂಡಾವರಣದ ಅಂಚಿನಲ್ಲಿ ಹರಿದರೆ, ಅದಕ್ಕೂ ದಡಕ್ಕೂ ನಡುವೆ ಲವಣತೆ ಕಡಿಮೆಯಿರುವ ತಣ್ಣನೆಯ ಕರಾವಳಿ ಪ್ರವಾಹವೊಂದು ಅದೇ ದಿಕ್ಕಿನಲ್ಲಿ ಸಾಗುತ್ತದೆ. ಎರಡರ ನಡುವಿನ ಸಾಂದ್ರತೆಯ ಗಡಿಯೇ ಕೊಲ್ಲಿಗೆ ತಡೆ. 2005–06ರ ಚಳಿಗಾಲದಲ್ಲಿ ಬಿಡದೆ ಬೀಸಿದ ಉತ್ತರದ ಗಾಳಿ ಆ ತಡೆಯನ್ನು ಮುರಿಯಿತು. ಕೊರಿಯೋಲಿಸ್ ಪರಿಣಾಮದಿಂದ ಮೇಲ್ಪದರದ ನೀರು ಗಾಳಿಯ ಬಲಕ್ಕೆ, ಅಂದರೆ ಪಶ್ಚಿಮದ ಆಳಸಮುದ್ರದತ್ತ ಸರಿಯಿತು. ತೆರವಾದ ಜಾಗಕ್ಕೆ ಅಟ್ಲಾಂಟಿಕ್ ನೀರು ಕೆಳಗಿನಿಂದ ಮೇಲೇರಿ ಬಂತು. ಕೊಲ್ಲಿಯ ಬಾಯಲ್ಲಿ ಅದನ್ನು ತಡೆಯುವ ಎತ್ತರದ ದಿಬ್ಬವೂ ಇಲ್ಲ. ಉತ್ತರದ ಗಾಳಿ ಚಳಿಯನ್ನೇ ತರಬೇಕೆಂಬ ಸಹಜ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ಅಲ್ಲಿಂದಾಚೆಗೆ ಕೊಲ್ಲಿಯ ಚಳಿಗಾಲದ ಮಂಜುಗಡ್ಡೆ ಗಣನೀಯವಾಗಿ ಕುಗ್ಗಿದೆ.

ಈ ಕೊಲ್ಲಿಯ ದಡದ ನ್ಯೂ ಓಲೆಸುಂಡ್‌ನಲ್ಲಿ ಭಾರತದ ‘ಹಿಮಾದ್ರಿ’ ಕೇಂದ್ರ 2008ರಿಂದ ಇದೆ. 2014ರಲ್ಲಿ ನಮ್ಮ ವಿಜ್ಞಾನಿಗಳು ಇಲ್ಲಿ ‘ಇಂಡ್‌ಆರ್ಕ್’ ವೀಕ್ಷಣಾಲಯವನ್ನು ನೀರಿನಡಿ ಲಂಗರು ಹಾಕಿ ನಿಲ್ಲಿಸಿದರು. ಬೇರೆಬೇರೆ ಆಳಗಳಲ್ಲಿ ಉಷ್ಣತೆ, ಲವಣತೆಗಳನ್ನು ವರ್ಷವಿಡೀ ಅಳೆಯುವ ಇಂಥ ದಾಖಲೆಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಬೇಸಿಗೆಯಲ್ಲಷ್ಟೇ ಹಡಗಿನಿಂದ ಮಾಡುವ ಅಳತೆಗೆ 2006ರಂಥ ಚಳಿಗಾಲ ಸಿಕ್ಕುವುದಿಲ್ಲ.

ಒಳಬಂದ ಬೆಚ್ಚನೆಯ ನೀರಿನ ಪರಿಣಾಮ ಹಿಮನದಿಯಲ್ಲೂ ಕಾಣುತ್ತದೆ. ಕೊಲ್ಲಿಯ ತುದಿಯಲ್ಲಿ ಕ್ರೋನೆಬ್ರೀನ್ ಹಿಮನದಿ ಕಡಲಿಗಿಳಿಯುತ್ತದೆ. ಅದರ ಮುಂಭಾಗ ಹೆಚ್ಚು ವೇಗವಾಗಿ ಒಡೆದು ಬೀಳುವುದು ಗಾಳಿ ಅತ್ಯಂತ ಬೆಚ್ಚಗಿರುವ ಜುಲೈನಲ್ಲಲ್ಲ, ಆಳದ ನೀರು ಬಿಸಿಯೇರಿರುವ ಶರತ್ಕಾಲದಲ್ಲಿ.