ಒಗೆಯುವ ಕಲ್ಲಿನಿಂದ ವಾಷಿಂಗ್ ಮಷಿನ್‌ವರೆಗೆ

ಮುಂಬಯಿಯ ನಮ್ಮ ಸರಕಾರಿ ಕ್ವಾರ್ಟರ್ಸಿಗೆ ಟಾಪ್ ಲೋಡ್ ವಾಷಿಂಗ್ ಮಷಿನ್ ಬಂದು ತಿಂಗಳಾಯಿತು. ಮೊದಲ ವಾರ ಬಟ್ಟೆಯನ್ನು ಕಂಠಮಟ್ಟ ತುರುಕಿದೆವು. ತಳದ ಚಕ್ರ ತಿರುಗಿದರೂ ಬಟ್ಟೆ ಹೊರಳದೆ ಕೊಳೆ ಹಾಗೆಯೇ ಉಳಿಯಿತು. ನೀರಿಗೂ ಎಡೆ ಬೇಕೆಂಬುದನ್ನು ನಿಧಾನವಾಗಿ ಕಲಿತೆವು.

1851ರಲ್ಲಿ ಅಮೆರಿಕದ ಜೇಮ್ಸ್ ಕಿಂಗ್ ಕೈಯಿಂದ ತಿರುಗಿಸುವ ಪೀಪಾಯಿಯ ಯಂತ್ರಕ್ಕೆ ಪೇಟೆಂಟ್ ಪಡೆದನು. 1937ರ ಬೆಂಡಿಕ್ಸ್ ಸ್ವಯಂಚಾಲಿತ ಯಂತ್ರಕ್ಕೆ ಬಾಗಿಲು ಮುಂದಿತ್ತು. ಮೇಲಿನಿಂದ ಬಟ್ಟೆ ಹಾಕುವ ಸ್ವಯಂಚಾಲಿತ ಮಾದರಿಗಳು 1947ರ ಹೊತ್ತಿಗೆ ಅಲ್ಲಿನ ಮಾರುಕಟ್ಟೆಗೆ ಬಂದವು. ಆದರೂ ನೆನೆಸುವ, ಉಜ್ಜುವ, ಜಾಲಿಸುವ, ಹಿಂಡುವ ಕ್ರಮ ಒಗೆಯುವ ಕಲ್ಲಿನದೇ.

ಆ ಕ್ರಮವನ್ನು ಕಾಪಾಡಿದವರು ಮಡಿವಾಳರು ಮತ್ತು ಮನೆಯ ಹೆಂಗಸರು. 12ನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು ಈ ದುಡಿಮೆಯನ್ನೇ ಕಾಯಕವೆಂದು ಆಚರಿಸಿದರು. ಮಹಾಲಕ್ಷ್ಮಿ ನಿಲ್ದಾಣದ ಸೇತುವೆಯಿಂದ ಧೋಬಿ ಘಾಟಿನ ದುಡಿಮೆಯನ್ನು ಇಂದಿಗೂ ಕಾಣುತ್ತೇವೆ. ಅಮ್ಮನ ಕಲ್ಲು ಮಾತ್ರ ಯಾವ ಚರಿತ್ರೆಯಲ್ಲೂ ಇಲ್ಲ. ಊರಿನ ಬಾವಿಕಟ್ಟೆಯ ಬಳಿ ಆಕೆ ನಮ್ಮ ಶಾಲೆಯ ಸಮವಸ್ತ್ರ ಒಗೆಯುವಾಗ ನಾವು ಪಕ್ಕದಲ್ಲೇ ಕುಳಿತು ಪಾಠ ಓದುತ್ತಿದ್ದೆವು; ಒಂದು ಅಂಗಿಯನ್ನೂ ಹಿಂಡಿದವರಲ್ಲ.

ಇಂದು ಗುಂಡಿ ಒತ್ತುವವರು ನಾವೇ. ನಲವತ್ತು ದಾಟಿದ ಮೇಲೆ ಬಂದ ಈ ಅಭ್ಯಾಸದಲ್ಲಿ ಹೆಮ್ಮೆಗಿಂತ ಸಂಕೋಚವೇ ಹೆಚ್ಚು.